ಹನ್ನೆರಡು ತಿಂಗಳೂ ಒಂದೇ ಅಳತೆಯೇ? ಶಿವಮೊಗ್ಗದ ಒಂದು ನಿವೃತ್ತಿ ಬಜೆಟ್ ಸೇವೆಯ ವಿಮರ್ಶೆ

ಮಾಚೇನಹಳ್ಳಿ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯ ಲೆಕ್ಕಪತ್ರ ವಿಭಾಗದಿಂದ ಅರವತ್ತು ತುಂಬಿ ನಿವೃತ್ತನಾದ ಮೇಲೆ, ಕೈಗೆ ಬಂದ ಭವಿಷ್ಯನಿಧಿ ಮತ್ತು ಗ್ರಾಚ್ಯುಟಿಯ ಹಣದಲ್ಲಿ ನಾವಿಬ್ಬರು ವರ್ಷಕ್ಕೆ ಎಷ್ಟು ಖರ್ಚು ಮಾಡಬಹುದು ಎಂಬುದನ್ನು ಹೊರಗಿನವರಿಂದ ತಿಳಿಯೋಣವೆಂದು ಪೇಟೆಯ ಒಬ್ಬ ಹೂಡಿಕೆ ಸಲಹೆಗಾರರ ಕಚೇರಿಗೆ ಹೋದೆವು. ಜೀವನವಿಡೀ ಬೇರೆಯವರ ಲೆಕ್ಕ ಬರೆದವನು ಸ್ವಂತ ಮನೆಯ ಲೆಕ್ಕಕ್ಕೆ ದುಡ್ಡು ಕೊಟ್ಟು ಸಲಹೆ ಕೇಳುವುದು ಹಾಸ್ಯಾಸ್ಪದವೆಂದು ಕೆಲವರು ನಕ್ಕರು. ಸ್ವಂತ ಲೆಕ್ಕದಲ್ಲಿ ನಮಗೆ ಬೇಡವಾದ ಸಾಲುಗಳನ್ನು ನಾವೇ ಬಿಟ್ಟುಬಿಡುತ್ತೇವೆ ಎಂಬುದು ನನಗೆ ಗೊತ್ತಿತ್ತು.

ಮೂರು ಭೇಟಿಗೆ 6,000 ರೂಪಾಯಿ ಶುಲ್ಕ. ಷೇರು ಮಾರುಕಟ್ಟೆಯ ನಿಯಂತ್ರಣ ಸಂಸ್ಥೆಯಾದ ಸೆಬಿಯಲ್ಲಿ ನೋಂದಾಯಿತ ಹೂಡಿಕೆ ಸಲಹೆಗಾರರು ಸಲಹೆ ಪಡೆದ ಗ್ರಾಹಕನಿಗೇ ಯೋಜನೆಗಳನ್ನು ಮಾರಿ ಕಮಿಷನ್ ಪಡೆಯುವಂತಿಲ್ಲವಾದ್ದರಿಂದ, ಮೊದಲು ನೋಂದಣಿ ಸಂಖ್ಯೆಯನ್ನು ಸೆಬಿಯ ಜಾಲತಾಣದಲ್ಲಿ ತಾಳೆ ನೋಡಿಕೊಂಡೆ. ಈ ವಿಷಯದಲ್ಲಿ ಅವರ ನಡವಳಿಕೆ ಕೊನೆಯವರೆಗೂ ಸ್ವಚ್ಛವಾಗಿತ್ತು. ಯಾವ ಪಾಲಿಸಿಯನ್ನೂ ನಮ್ಮ ಕೈಗೆ ತುರುಕಲಿಲ್ಲ.

ಮೊದಲ ಭೇಟಿಯಲ್ಲಿ ತಿಂಗಳ ಖರ್ಚು ಎಷ್ಟೆಂದು ಕೇಳಿದರು. ನಾನು ನೆನಪಿನಿಂದ 25,000 ಎಂದೆ. ಅವರು ಹನ್ನೆರಡರಿಂದ ಗುಣಿಸಿ ವರ್ಷಕ್ಕೆ 3,00,000 ಎಂದು ಬರೆದರು. ಆದಾಯದ ಕಡೆಗೆ, ಅಂಚೆ ಕಚೇರಿಯ ಹಿರಿಯ ನಾಗರಿಕರ ಉಳಿತಾಯ ಯೋಜನೆಯಲ್ಲಿ ಗರಿಷ್ಠ ಮಿತಿಯಾದ 30 ಲಕ್ಷವನ್ನು ನಾನು ಶೇಕಡ 8.2ರ ದರದಲ್ಲಿ ಇಟ್ಟಿದ್ದರಿಂದ ಮೂರು ತಿಂಗಳಿಗೊಮ್ಮೆ 61,500ರಂತೆ 2,46,000 ಮತ್ತು ನೌಕರರ ಪಿಂಚಣಿ ತಿಂಗಳಿಗೆ 5,500ರಂತೆ 66,000, ಒಟ್ಟು 3,12,000. ಹಾಳೆಯ ಕೆಳಗೆ ಹಸಿರು ಬಣ್ಣದಲ್ಲಿ 12,000 ಉಳಿತಾಯವೆಂದು ಬಂತು. ಅಷ್ಟು ಸುಲಭವಾಗಿ ತಾಳೆಯಾದ ಲೆಕ್ಕವನ್ನು ನಾನು ಕೆಲಸದಲ್ಲಿದ್ದಾಗ ಎಂದೂ ನಂಬಿದವನಲ್ಲ.

ಆ ಹಾಳೆ ಇಂಗ್ಲಿಷಿನಲ್ಲಿತ್ತು. ಕೇಳಿದ ಮೇಲೆ ಎರಡೇ ದಿನದಲ್ಲಿ ಕನ್ನಡದಲ್ಲಿ ಮಾಡಿಕೊಟ್ಟರೆಂಬುದನ್ನು ಮೆಚ್ಚಬೇಕು, ಏಕೆಂದರೆ ಕನ್ನಡಕ್ಕೆ ಬಂದ ಮೇಲೆಯೇ ನನ್ನ ಹೆಂಡತಿ ಅದನ್ನು ಕೈಗೆತ್ತಿಕೊಂಡದ್ದು. ಓದಿದವಳೇ, "ಇವರ ಮನೆಯಲ್ಲಿ ಮೇ ತಿಂಗಳಿಗೂ ನವೆಂಬರಿಗೂ ಒಂದೇ ಖರ್ಚಾ?" ಎಂದಳು. ಮಲೆನಾಡಿನ ಮನೆಯಲ್ಲಿ ವರ್ಷದ ಭಾರವೆಲ್ಲ ಮಳೆ ಹಿಡಿಯುವ ಮುಂಚಿನ ಆರು ವಾರಗಳ ಮೇಲೆ ಬೀಳುತ್ತದೆ: ಬಚ್ಚಲೊಲೆಗೆ ಸೌದೆ, ಹೊಸನಗರದ ಕಡೆಯ ಹಳೆಯ ಮನೆಯಲ್ಲಿ ಒಡೆದ ಹಂಚುಗಳ ಬದಲಾವಣೆ, ಅಕ್ಕಿ, ಅಪ್ಪೆಮಿಡಿ, ಹಪ್ಪಳ ಸಂಡಿಗೆಯ ಸಾಮಾನು. ನಮಗೆ ಇದೇ 22,000 ಆಗುತ್ತದೆ. ಮಳೆಗಾಲದಲ್ಲಿ ಸೋಲಾರ್ ಕೆಲಸಕ್ಕೆ ಬಾರದೆ ಗೀಸರ್ ಹಾಕಿದರೆ, ಬಳಕೆ 200 ಯೂನಿಟ್ ದಾಟಿದ ತಿಂಗಳು ಗೃಹಜ್ಯೋತಿ ಕೈಬಿಟ್ಟು ಮೆಸ್ಕಾಂನ ಪೂರ್ತಿ ಬಿಲ್ಲನ್ನು ನಾವೇ ಕಟ್ಟಬೇಕು. ಹಾಳೆಯಲ್ಲಿ ವಿದ್ಯುತ್ತಿನ ಸಾಲು ಸೊನ್ನೆಯಾಗಿತ್ತು. ಶಕ್ತಿ ಯೋಜನೆಯಿದೆಯೆಂದು ಹೆಂಡತಿಯ ಪ್ರಯಾಣಕ್ಕೂ ಸೊನ್ನೆ ಹಾಕಿದ್ದರು. ಆ ಯೋಜನೆ ಸರ್ಕಾರಿ ಬಸ್ಸಿಗೆ ಮಾತ್ರ. ನಮ್ಮೂರಿನ ದಾರಿಯಲ್ಲಿ ಹೊತ್ತಿಗೆ ಸರಿಯಾಗಿ ಸಿಗುವುದು ಖಾಸಗಿ ಬಸ್ಸು. ಈ ಊರಿನಲ್ಲೇ ಕಚೇರಿ ನಡೆಸುವವರು ಇದನ್ನು ಮರೆತದ್ದು ನನಗೆ ಸೋಜಿಗ.

ಎರಡನೆಯ ಭೇಟಿಗೆ ಮುನ್ನ ಹಳೆಯ ಡೈರಿ, ಬ್ಯಾಂಕ್ ಪುಸ್ತಕ, ರಸೀದಿಗಳನ್ನೆಲ್ಲ ಹರಡಿಕೊಂಡು ನಾವೇ ಒಂದು ವಾರ ಕುಳಿತೆವು. ದಿನಬಳಕೆಯ 3,00,000 ಹೆಚ್ಚುಕಡಿಮೆ ಸರಿಯೇ ಇತ್ತು. ಬಿಟ್ಟುಹೋದದ್ದು ಅದರ ಹೊರಗಿನದು. ಕಾರ್ಖಾನೆಯ ಗುಂಪು ವಿಮೆ ನಿವೃತ್ತಿಯೊಂದಿಗೆ ಮುಗಿದದ್ದರಿಂದ ಇಬ್ಬರಿಗೂ ಹೊಸದಾಗಿ ಮಾಡಿಸಿದ ಆರೋಗ್ಯ ವಿಮೆಗೆ 48,000 (2025ರ ಸೆಪ್ಟೆಂಬರಿನಿಂದ ಇದರ ಮೇಲಿನ ಶೇಕಡ 18ರ ಜಿಎಸ್‌ಟಿ ಹೋದ ಮೇಲೂ ಇಷ್ಟು). ಮಳೆಗಾಲದ ಮುಂಚಿನ 22,000. ಮನೆ ಕಂದಾಯ ಮತ್ತು ಹಳೆಮನೆಯ ಪಾಲಿಗೆ 14,000. ಮದುವೆ, ಉಪನಯನ, ಉಡುಗೊರೆಗೆ 18,000. ಮಣಿಪಾಲ ಮತ್ತು ಬೆಂಗಳೂರಿನ ಆಸ್ಪತ್ರೆ ಓಡಾಟಕ್ಕೆ 16,000. ಇವೆಲ್ಲ ವರ್ಷವರ್ಷವೂ ಬರುವವು. ಆದರೆ ಶಿವಮೊಗ್ಗದ ಕೋಟೆ ಮಾರಿಕಾಂಬಾ ಜಾತ್ರೆ ಎರಡು ವರ್ಷಕ್ಕೊಮ್ಮೆ, ಹೆಂಡತಿಯ ತವರಾದ ಸಾಗರದ ಮಾರಿಕಾಂಬಾ ಜಾತ್ರೆ ಮೂರು ವರ್ಷಕ್ಕೊಮ್ಮೆ. ಮನೆತುಂಬ ನೆಂಟರು ಬರುವ ಆ ಖರ್ಚನ್ನು ಹರಡಿದರೆ ವರ್ಷಕ್ಕೆ 10,000 ಬೀಳುತ್ತದೆ. ನಮ್ಮ ಮಳೆಗೆ ಆರು ವರ್ಷಕ್ಕೊಮ್ಮೆ ಮನೆಗೆ ಬಣ್ಣ ಬಳಿಸಲೇಬೇಕು. 90,000ವನ್ನು ಆರಕ್ಕೆ ಹಂಚಿದರೆ 15,000. ಹೀಗೆ ಹೆಚ್ಚುವರಿ 1,43,000 ಸೇರಿ ವರ್ಷದ ಮೊತ್ತ 4,43,000ಕ್ಕೆ ನಿಂತಿತು. 12,000ದ ಉಳಿತಾಯ 1,31,000ದ ಕೊರತೆಯಾಯಿತು. ತಪ್ಪಿನಲ್ಲಿ ನನ್ನ ಪಾಲೂ ಇದೆ, ಬಾಯಿಗೆ ಬಂದ ಸಂಖ್ಯೆ ಹೇಳಿದವನು ನಾನೇ. ಆದರೆ ಕೇಳಬೇಕಾದ ಪ್ರಶ್ನೆಗಳಿಗಾಗಿಯೇ ತಾನೇ ಶುಲ್ಕ ಕೊಡುವುದು?

ನ್ಯಾಯವಾಗಿ ಹೇಳಬೇಕೆಂದರೆ, ನಮ್ಮ ಪಟ್ಟಿಯನ್ನು ನೋಡಿದ ಮೇಲೆ ಅವರು ವಾದಕ್ಕಿಳಿಯಲಿಲ್ಲ, ಹಾಳೆಯನ್ನು ಮೊದಲಿನಿಂದ ಕಟ್ಟಿದರು, ಮತ್ತು ಅಲ್ಲಿಂದ ಮುಂದಿನ ಕೆಲಸ ನಿಜಕ್ಕೂ ಚೆನ್ನಾಗಿತ್ತು. ಉಳಿತಾಯ ಯೋಜನೆಯ ಬಡ್ಡಿ ಏಪ್ರಿಲ್, ಜುಲೈ, ಅಕ್ಟೋಬರ್, ಜನವರಿಯ ಮೊದಲ ದಿನ ಬರುವುದರಿಂದ ಖರ್ಚನ್ನೂ ತ್ರೈಮಾಸಿಕವಾಗಿ ಜೋಡಿಸಿದರು. ಆಗ ತಿಳಿದದ್ದೆಂದರೆ, ನಮ್ಮ ಕಷ್ಟದ ಕಾಲ ನಾವು ಅಂದುಕೊಂಡಂತೆ ಮೇ ತಿಂಗಳಲ್ಲ: ಜುಲೈಯಿಂದ ಸೆಪ್ಟೆಂಬರ್ ತನಕ ಪಿಂಚಣಿ ಸೇರಿ ಬರುವುದು 78,000, ದಿನಬಳಕೆಗೇ 75,000 ಹೋಗುತ್ತದೆ, ಆಗಸ್ಟಿನಲ್ಲಿ ವಿಮೆಯ ಕಂತು 48,000. ಅದಕ್ಕಾಗಿ ಆ 1,43,000ವನ್ನು ಏಪ್ರಿಲಿನಲ್ಲಿಯೇ ಉಳಿದ ಗಂಟಿನಿಂದ ಬೇರೆ ಖಾತೆಗೆ ಹಾಕಿಡಲು ಹೇಳಿದರು. ಏಪ್ರಿಲಿನಲ್ಲಿ ಮನೆ ಕಂದಾಯ ಕಟ್ಟಿದರೆ ಶೇಕಡ 5ರ ರಿಯಾಯಿತಿಯೂ ಸಿಗುವುದರಿಂದ ಈ ಏರ್ಪಾಡು ನಮಗೆ ಒಗ್ಗಿದೆ.

ಬೆಲೆಯೇರಿಕೆಯನ್ನು ಶೇಕಡ 6 ಎಂದು ಹಿಡಿದಿದ್ದಾರೆ. ಆ ಲೆಕ್ಕದಲ್ಲಿ ಖರ್ಚು ಹನ್ನೆರಡು ವರ್ಷಕ್ಕೆ ಇಮ್ಮಡಿಯಾಗುತ್ತದೆ. ಬಡ್ಡಿಯನ್ನು ಮಾತ್ರ ಇಪ್ಪತ್ತೈದು ವರ್ಷವೂ 8.2 ಎಂದೇ ಎಳೆದಿದ್ದರು. ಖಾತೆ ತೆರೆದ ದಿನದ ದರ ಐದು ವರ್ಷಕ್ಕೆ ಮಾತ್ರ ಖಾತ್ರಿಯೆಂದು ನಾನು ಆಕ್ಷೇಪಿಸಿದ ಮೇಲೆ, ಆರನೆಯ ವರ್ಷದಿಂದ 6.5ಕ್ಕೆ ಇಳಿಸಿ ಮತ್ತೊಂದು ಪ್ರತಿ ಕೊಟ್ಟರು.

ಇದಕ್ಕಿಂತ ದೊಡ್ಡ ಲೋಪ ಇನ್ನೊಂದಿತ್ತು. ಲೆಕ್ಕವನ್ನು ನನ್ನ ಎಂಬತ್ತೈದನೆಯ ವಯಸ್ಸಿಗೆ ನಿಲ್ಲಿಸಿದ್ದರು. ಹೆಂಡತಿ ನನಗಿಂತ ಐದು ವರ್ಷ ಚಿಕ್ಕವಳು. ನಾನು ಹೋದ ಮೇಲೆ ನೌಕರರ ಪಿಂಚಣಿ ಅವಳಿಗೆ ಅರ್ಧಕ್ಕಿಳಿದು 2,750 ಆಗುತ್ತದೆ, ಆದರೆ ಕಂದಾಯ, ಹಂಚು, ಬಣ್ಣ ಯಾವುದೂ ಅರ್ಧವಾಗುವುದಿಲ್ಲ. ದಂಪತಿಯ ಬಜೆಟ್ ಎಂದು ಹೆಸರಿಟ್ಟ ಸೇವೆ ಒಬ್ಬರೇ ಉಳಿಯುವ ವರ್ಷಗಳಿಗೆ ಬೇರೆ ಕಾಲಂ ಇಟ್ಟಿರಲಿಲ್ಲ. ಅದನ್ನು ನಾನು ಎತ್ತಿದಾಗ ಎದುರಿಗಿದ್ದ ಯುವಕ ಮುಜುಗರದಿಂದ ಹೆಂಡತಿಯ ಮುಖ ನೋಡಿದ. ಅವಳು, "ಬರೆಯಪ್ಪಾ, ಅದೇ ನನಗೆ ಬೇಕಾದದ್ದು" ಎಂದಳು. ಈಗ ಅವಳ ತೊಂಬತ್ತರವರೆಗಿನ ಹಾಳೆ ಬೇರೆಯಾಗಿಯೇ ಇದೆ.

ಸಂಬಳದವರಾಗಿದ್ದು ಈಗಷ್ಟೇ ನಿವೃತ್ತರಾದವರಿಗೆ, ಕನಿಷ್ಠ ಒಂದು ವರ್ಷದ ಖರ್ಚಿನ ಪುಸ್ತಕವನ್ನು ಕೈಯಲ್ಲಿ ಹಿಡಿದು ಹೋಗುವುದಾದರೆ, ಈ ಸೇವೆ 6,000ಕ್ಕೆ ತಕ್ಕುದೆಂದೇ ಹೇಳುತ್ತೇನೆ. ಬರಿಗೈಯಲ್ಲಿ ಹೋದರೆ ಹಸಿರು ಬಣ್ಣದ ಹಾಳೆ ಸಿಗುತ್ತದೆ. ಅಡಿಕೆ ಫಸಲಿನ ಮೇಲೆ ನಿಂತ ಮನೆಗಳಿಗೆ ಇವರ ನಮೂನೆ ಹೊಂದುವುದಿಲ್ಲ, ವರ್ಷಕ್ಕೊಮ್ಮೆ ಬರುವ ಆದಾಯಕ್ಕೆ ಅದರಲ್ಲಿ ಜಾಗವೇ ಇಲ್ಲ. ಕಚೇರಿ ಎರಡನೆಯ ಮಹಡಿಯಲ್ಲಿದೆ, ಲಿಫ್ಟ್ ಇಲ್ಲ. ಮಂಡಿನೋವಿನವರು ಮೊದಲೇ ಫೋನ್ ಮಾಡಿದರೆ ಮನೆಗೇ ಬರುತ್ತಾರೆ. ನಮ್ಮ ಮೂರನೆಯ ಭೇಟಿ ಹಾಗೆ ನಮ್ಮ ಜಗುಲಿಯಲ್ಲೇ ನಡೆಯಿತು, ಅದಕ್ಕೆ ಬೇರೆ ಶುಲ್ಕ ಕೇಳಲಿಲ್ಲ.