ಮನೇಲಿರೋ ಲೇತ್, ಮಿಲ್ಲಿಂಗ್ ಮಶೀನಿಗೆ ಯಾವ ಕೂಲೆಂಟ್? ಎಲ್ಲಾ ಹಾಕಿ ನೋಡಿದ್ಮೇಲೆ ಅನ್ಸಿದ್ದು

ಫ್ಯಾಕ್ಟರೀಲಿ ಮಶೀನ್ ದಿನಾ ಓಡುತ್ತೆ, ಕೂಲೆಂಟ್, ಅಂದ್ರೆ ಲೋಹ ಕತ್ತರಿಸುವಾಗ ಬಿಸಿ ಇಳಿಸೋಕೆ ಹಾಕೋ ದ್ರವ, ಸುತ್ತುತ್ತಾನೇ ಇರುತ್ತೆ. ನಮ್ದು ವಾರಗಟ್ಲೆ ಸುಮ್ನೆ ನಿಂತಿರುತ್ತೆ. ಅದಕ್ಕೇ ಫಿನಿಶ್ ಹೆಂಗೆ ಬರುತ್ತೆ, ಟೂಲ್ ಎಷ್ಟು ಬಾಳುತ್ತೆ ಅನ್ನೋದಕ್ಕಿಂತ, ಮಶೀನ್ ನಿಂತಾಗ ಇದು ಏನ್ ಮಾಡುತ್ತೆ ಅಂತ ನಾನು ಮೊದ್ಲು ನೋಡೋದು.

ಸೊಲ್ಯೂಬಲ್ ಆಯಿಲ್, ಅದೇ ನೀರಿಗೆ ಬೆರೆಸಿದ್ರೆ ಬೆಳ್ಳಗಾಗೋದು, ಶಾಖ ಚೆನ್ನಾಗಿ ಎಳ್ಕೊಳುತ್ತೆ. ಉದ್ದ ಕಟ್ಟಿಂಗ್ ಇದ್ದು ಜಾಬ್ (ಕತ್ತರಿಸ್ತಿರೋ ಲೋಹದ ತುಂಡು) ಬಿಸಿಯಾಗಿ ಸೈಜ್ ಬದಲಾಗಬಾರ್ದು ಅಂದ್ರೆ ಇದೇ ಸರಿ. ಸಾಮಾನ್ಯವಾಗಿ 5ರಿಂದ 10 ಪರ್ಸೆಂಟ್ ಮಿಕ್ಸು, ನೀರಿಗೆ ಆಯಿಲ್ ಸುರೀಬೇಕು, ಆಯಿಲ್‌ಗೆ ನೀರಲ್ಲ. ಆದ್ರೆ ಕಾಟ ಶುರುವಾಗೋದು ನಿಲ್ಲಿಸಿದ್ಮೇಲೆ. ಮಶೀನಿನ ಜಾರೋ ಭಾಗಕ್ಕೆ, ಅಂದ್ರೆ ಸ್ಲೈಡಿಗೆ ಹಾಕಿರೋ ಆಯಿಲ್ ಬಂದು ಟ್ಯಾಂಕಲ್ಲಿ ಮೇಲೆ ತೇಲುತ್ತೆ, ಒಳಗೆ ಗಾಳಿ ಹೋಗಲ್ಲ, ಗಾಳಿ ಬೇಡದ ಬ್ಯಾಕ್ಟೀರಿಯಾ ಬೆಳೆದು ಕೊಳೆತ ಮೊಟ್ಟೆ ವಾಸನೆ ಹೊಡೆಯುತ್ತೆ, ಪಿಎಚ್ 9ರ ಆಸುಪಾಸಿಂದ ಇಳೀತಾ ಹೋದಂಗೆ ತುಕ್ಕು ತಡೆಯೋ ಶಕ್ತೀನೂ ಹೋಗುತ್ತೆ. ಗಡಸು ನೀರಾದ್ರೆ ಮಿಕ್ಸು ಇನ್ನೂ ಬೇಗ ಒಡೆದು ಎಣ್ಣೆ, ನೀರು ಬೇರೆ ಆಗುತ್ತೆ, ಯಾಕಂದ್ರೆ ಆವಿಯಾಗೋದು ನೀರು ಮಾತ್ರ, ಲವಣ ಎಲ್ಲಾ ಟ್ಯಾಂಕಲ್ಲೇ ಉಳಿಯುತ್ತೆ, ಕಮ್ಮಿಯಾದಾಗ ಆರ್‌ಓ ನೀರಲ್ಲೇ ತೆಳ್ಳಗೆ ಕಲಸಿ ತುಂಬೋದು ಒಳ್ಳೇದು. ಇಷ್ಟೆಲ್ಲಾ ಮಾಡಿದ್ರೂ ಜಾಬ್ ಬಿಗಿಹಿಡಿಯೋ ವೈಸ್ ಅಡಿ ಸೇರ್ಕೊಂಡಿರೋ ಕೂಲೆಂಟ್ ಹೊರಗೆ ಬರಲ್ಲ, ಬಿಚ್ಚಿ ನೋಡಿದ್ರೆ ಟೇಬಲ್ ಮೇಲೆ ಕಂದು ಕಲೆ ಕೂತಿರುತ್ತೆ.

ಸಿಂಥೆಟಿಕ್ ಕೂಲೆಂಟ್ ಅಷ್ಟು ಬೇಗ ನಾರಲ್ಲ, ತಿಳಿಯಾಗಿರುತ್ತೆ, ಕೆಲ್ಸ ಕಾಣುತ್ತೆ. ಆದ್ರೆ ಅದ್ರಲ್ಲಿ ಎಣ್ಣೆಯೇ ಇಲ್ವಲ್ಲ, ಸ್ಲೈಡ್ ಮೇಲಿನ ಆಯಿಲ್ ತೊಳ್ಕೊಂಡು ಹೋಗುತ್ತೆ. ನನಗೆ ಬೇಡ.

ನೀಟ್ ಕಟಿಂಗ್ ಆಯಿಲ್, ಅಂದ್ರೆ ನೀರು ಬೆರೆಸದ ಎಣ್ಣೆ, ಬ್ರಷ್‌ನಲ್ಲಿ ಹಚ್ಚೋದೇ ನನ್ನ ಆಯ್ಕೆ. ಹೊಗೆ ಬರುತ್ತೆ, ಬಟ್ಟೆಯೆಲ್ಲಾ ಜಿಡ್ಡು, ಕಿಟಕಿ ತೆಗೆದಿರಲೇಬೇಕು, ಸ್ಪೀಡೂ ತಗ್ಗಿಸ್ಬೇಕು, ಆದ್ರೆ ಟ್ಯಾಪಿಂಗ್, ಥ್ರೆಡಿಂಗಿಗೆ (ಸ್ಕ್ರೂ ಥರ ಸುರುಳಿ ಗೆರೆ ಕೊರೆಯೋದಕ್ಕೆ) ಇದರ ಸಮ ಇಲ್ಲ, ಮರೆತು ಹಂಗೇ ಬಿಟ್ರೂ ಕಬ್ಬಿಣಕ್ಕೆ ಕಾವಲಾಗಿರುತ್ತೆ. ಗಂಧಕ ಇರೋ ಆಯಿಲ್ ಮಾತ್ರ ಹಿತ್ತಾಳೆ, ತಾಮ್ರಕ್ಕೆ ಬೇಡ, ಕಪ್ಪು ಹಿಡಿಯುತ್ತೆ. ಅಲ್ಯೂಮಿನಿಯಂ ಟೂಲ್ ತುದಿಗೆ ಅಂಟ್ಕೊಳುತ್ತಲ್ಲ, ಅದಕ್ಕೆ ಸ್ವಲ್ಪ ಸೀಮೆಎಣ್ಣೆ ಸಾಕು. ಕಾಸ್ಟ್ ಐರನ್‌ಗೆ ಏನೂ ಬೇಡ, ಅದ್ರೊಳಗಿನ ಗ್ರಾಫೈಟೇ ಜಾರಿಸುತ್ತೆ, ಒದ್ದೆ ಮಾಡಿದ್ರೆ ಕರೀ ಕೆಸರು. ಕಾರ್ಬೈಡ್ ಟೂಲ್ ಹಾಕಿ ಮಿಲ್ಲಿಂಗ್ ಮಾಡುವಾಗ್ಲೂ ಆಗಾಗ ಒಂದ್ ಚೂರು ನೀರು ಎರಚೋಕಿಂತ ಒಣಗಿದ್ದೇ ವಾಸಿ, ಬಿಸಿ ತಣ್ಣಗೆ ಆಗ್ತಾ ಇದ್ರೆ ಟೂಲ್ ತುದಿಯ ಕತ್ತರಿಸೋ ತುಂಡು, ಅಂದ್ರೆ ಇನ್ಸರ್ಟ್, ಬಿರುಕು ಬಿಡುತ್ತೆ.

ತುಕ್ಕು ತಡೆಯೋಕೆ ಏನ್ ಹಚ್ಚೋದು? ಸ್ಪ್ರೇ ಡಬ್ಬೀಲಿ ಬರೋ ತೆಳು ಎಣ್ಣೆ ನೀರು ಓಡಿಸೋಕೆ ಸರಿ, ಆದ್ರೆ ಪದರ ನಿಲ್ಲಲ್ಲ. ಲೇತ್ ಬೆಡ್‌ಗೆ ಸ್ಲೈಡಿಗೆ ಹಾಕೋ ಐಎಸ್‌ಓ 68 (ಎಣ್ಣೆ ಎಷ್ಟು ಮಂದ ಅನ್ನೋ ಗ್ರೇಡು) ಸ್ಲೈಡ್‌ವೇ ಆಯಿಲ್ಲೇ ಸಾಕು. ತಿಂಗಳುಗಟ್ಲೆ ಮುಟ್ಟದ ಚಕ್ಕು, ಗೇಜಿಗೆ ಲ್ಯಾನೋಲಿನ್ (ಕುರಿ ಉಣ್ಣೆಯ ಜಿಡ್ಡು), ಡ್ರಾಯರ್‌ಗೆ ತುಕ್ಕು ತಡೆಯೋ ಆವಿ ಬಿಡೋ ವಿಸಿಐ ಪೇಪರ್. ರೂಮನ್ನ ಸೀಮೆಎಣ್ಣೆ ಹೀಟರ್ ಇಟ್ಟು ಬೆಚ್ಚಗೆ ಮಾಡ್ಬೇಡಿ, ಅದು ಉರಿದಾಗ ನೀರಾವಿ ಬಂದು ತಣ್ಣಗಿರೋ ಕಬ್ಬಿಣದ ಮೇಲೇ ಕೂರುತ್ತೆ. ಟಾಯ್ಲೆಟ್ ತೊಳೆಯೋ ಆಸಿಡ್ ಬಾಟ್ಲಿ ಶಾಪಲ್ಲಿದ್ರೆ ಮುಚ್ಚಳ ಎಷ್ಟೇ ಬಿಗಿಯಾಗಿದ್ರೂ ಹೊರಗಿಟ್ಬಿಡಿ, ಹೈಡ್ರೋಕ್ಲೋರಿಕ್ ಆವಿ ಸೋರಿದ್ರೆ ಮೇಲೆ ಹೇಳಿದ್ ಯಾವ ಎಣ್ಣೇನೂ ತಡೆಯಲ್ಲ.