ಚನ್ನಪಟ್ಟಣದಿಂದ ಪ್ರಗತಿ ಮೈದಾನಕ್ಕೆ: ವಿಮಾನ, ರೈಲು, ಲಾರಿ ಮೂರರಲ್ಲೂ ಮಾಲು ಕಳಿಸಿ ನೋಡಿದೆವು

ನಮ್ಮದು ಚನ್ನಪಟ್ಟಣದಲ್ಲಿ ಅರಗಿನ ಬೊಂಬೆ ಮಾಡುವ ಸಣ್ಣ ಘಟಕ. ದೆಹಲಿಯ ಪ್ರಗತಿ ಮೈದಾನದಲ್ಲಿ ನವೆಂಬರ್ 14ರಿಂದ 27ರವರೆಗೆ ಟ್ರೇಡ್ ಫೇರ್ ನಡೆಯುತ್ತದಲ್ವಾ, ಅಲ್ಲಿಗೆ 2022ರಿಂದ ಹೋಗುತ್ತಿದ್ದೇವೆ. ನಮ್ಮ ಬೀದಿಯ ಇಬ್ಬರು ಈ ಸಲ ಮೊದಲ ಬಾರಿಗೆ ಹೊರಟಿದ್ದಾರೆ. ಮಾಲು ಹೇಗೆ ಕಳಿಸೋದು ಅಂತ ಕೇಳಿದರು. ಅವರಿಗೆ ಹೇಳಿದ್ದನ್ನೇ ಇಲ್ಲೂ ಬರೆಯುತ್ತಿದ್ದೇನೆ.

ಮೊದಲ ವರ್ಷ ಭಯಕ್ಕೆ ವಿಮಾನದಲ್ಲಿ ಕಳಿಸಿದೆವು. ಮರುದಿನವೇ ದೆಹಲಿಯಲ್ಲಿ ಇಳಿಯಿತು, ಒಂದು ಬೊಂಬೆಯೂ ಮುರಿದಿರಲಿಲ್ಲ. ಆದರೆ ಬಿಲ್ ನೋಡಿ ಎದೆ ಒಡೆಯಿತು. ಏರ್ ಕಾರ್ಗೋದಲ್ಲಿ ತಕ್ಕಡಿ ತೂಕ ಒಂದೇ ಅಲ್ಲ, ಬಾಕ್ಸಿನ ಅಳತೆಯನ್ನೂ ಲೆಕ್ಕ ಹಾಕುತ್ತಾರೆ. ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರಿನಲ್ಲಿ ಗುಣಿಸಿ 6000ದಿಂದ ಭಾಗಿಸುತ್ತಾರೆ, ಎರಡರಲ್ಲಿ ಯಾವುದು ಜಾಸ್ತಿಯೋ ಅದಕ್ಕೆ ದುಡ್ಡು. ನಮ್ಮ ಬಾಕ್ಸ್ 60×45×45. ಒಳಗಿದ್ದದ್ದು 11 ಕೆಜಿ, ದುಡ್ಡು ಕಟ್ಟಿದ್ದು 20 ಕೆಜಿಗೂ ಮೇಲೆ. ಬೊಂಬೆ ಮಾಡುವ ಆಲೆ ಮರ ಹಗುರ, ಬೊಂಬೆಗಳ ನಡುವೆ ಜಾಗ ಬಿಡಲೇಬೇಕು, ಹಾಗಾಗಿ ನಮ್ಮಂಥವರಿಗೆ ಈ ಲೆಕ್ಕ ಯಾವಾಗಲೂ ನಷ್ಟವೇ. ಬಳೆ, ಸಣ್ಣ ಬುಗುರಿ ಇಂಥವನ್ನು ಒತ್ತಾಗಿ ತುಂಬಬಹುದು, ಅದಕ್ಕಾದರೆ ಪರವಾಗಿಲ್ಲ.

2023ರಲ್ಲಿ ರೈಲ್ವೆ ಪಾರ್ಸೆಲ್. ವಿಮಾನಕ್ಕಿಂತ ತುಂಬಾ ಅಗ್ಗ, ಲಾರಿಗಿಂತ ಬೇಗ. ಓಡಾಟ ಮಾತ್ರ ನಮ್ಮದೇ. ಬಾಕ್ಸನ್ನು ಗೋಣಿಯಲ್ಲಿ ಹೊಲಿದು, ಹೆಸರು, ಊರು ದಪ್ಪಕ್ಷರದಲ್ಲಿ ಬರೆದು ಬೆಂಗಳೂರಿನ ಪಾರ್ಸೆಲ್ ಆಫೀಸಿಗೆ ಒಯ್ಯಬೇಕು. ದೆಹಲಿಯಲ್ಲಿ ನಾವೇ ಹೋಗಿ ಬಿಡಿಸಿಕೊಳ್ಳಬೇಕು, ತಡವಾದರೆ ವಾರ್ಫೇಜ್, ಅಂದರೆ ಮಾಲು ಅಲ್ಲೇ ಬಿದ್ದಿದ್ದಕ್ಕೆ ಶುಲ್ಕ ಕಟ್ಟಬೇಕು. ನಾವು ಹೇಳಿದ ರೈಲಿಗೇ ಮಾಲು ಹತ್ತುತ್ತದೆ ಅಂತಲೂ ಇಲ್ಲ, ಜಾಗ ಸಿಕ್ಕಿದರೆ ಹತ್ತುತ್ತದೆ. ನಾಲ್ಕು ದಿನ ಕೈಯಲ್ಲಿಟ್ಟುಕೊಂಡು ಬುಕ್ ಮಾಡಿ.

2024ರಲ್ಲಿ ಸ್ಟಾಕ್ ಜಾಸ್ತಿ ಇತ್ತು, ಲಾರಿಯಲ್ಲಿ ಪಾರ್ಟ್ ಲೋಡ್ ಹಾಕಿದೆವು. ಮೂರರಲ್ಲಿ ಇದೇ ಅಗ್ಗ. ನವೆಂಬರ್ 4ಕ್ಕೆ ಬುಕಿಂಗ್, 'ಏಳು ದಿನ ಸಾರ್' ಅಂದರು. ಪಾರ್ಟ್ ಲೋಡ್ ಅಂದರೆ ಇನ್ನೊಬ್ಬರ ಮಾಲಿನ ಜೊತೆ ನಮ್ಮದೂ ದಾರಿಯಲ್ಲಿ ಗೋಡೌನಿಂದ ಗೋಡೌನಿಗೆ ಇಳಿದು ಹತ್ತುತ್ತದೆ. ಹಾಗೆ ಎಲ್ಲೋ ನಾಲ್ಕು ದಿನ ಕೂತುಬಿಟ್ಟಿತು. ಮಾಲಿನ ಜೊತೆ ಇರಬೇಕಾದ ಜಿಎಸ್‌ಟಿ ಸಾಗಣೆ ಪತ್ರ, ಅಂದರೆ ಇ-ವೇ ಬಿಲ್ಲಿನ ಅವಧಿ 200 ಕಿಲೋಮೀಟರಿಗೆ ಒಂದು ದಿನದ ಲೆಕ್ಕ, ದೆಹಲಿಗೆ ಸುಮಾರು 11 ದಿನ. ಅದೂ ಮುಗಿಯಿತು. ಮುಗಿಯುವ ಮುಂಚಿನ 8 ಗಂಟೆಯಲ್ಲಿ ಅಥವಾ ಮುಗಿದ ಮೇಲಿನ 8 ಗಂಟೆಯೊಳಗೆ ಅವಧಿ ಹೆಚ್ಚಿಸಿಕೊಳ್ಳಬೇಕು, ಅದನ್ನು ಟ್ರಾನ್ಸ್‌ಪೋರ್ಟಿನವರೇ ಮಾಡಬೇಕು. ಇಡೀ ದಿನ ಫೋನ್ ಹಚ್ಚಿ ಮಾಡಿಸಿದೆ. ಅಷ್ಟರಲ್ಲಿ 18ನೇ ತಾರೀಕು ದೆಹಲಿಯಲ್ಲಿ ಹೊಗೆ ಮಿತಿಮೀರಿ ಗ್ರಾಪ್ ಅನ್ನುವ ಮಾಲಿನ್ಯ ತಡೆ ನಿರ್ಬಂಧದ ನಾಲ್ಕನೇ ಹಂತ ಬಂತು. ಅಗತ್ಯ ವಸ್ತುಗಳ ಲಾರಿ ಬಿಟ್ಟರೆ ಸಿಎನ್‌ಜಿ, ಎಲ್‌ಎನ್‌ಜಿ, ಎಲೆಕ್ಟ್ರಿಕ್, ಕಡಿಮೆ ಹೊಗೆಯ ಬಿಎಸ್-6 ಡೀಸೆಲ್ ಗಾಡಿಗಳಿಗೆ ಮಾತ್ರ ಪ್ರವೇಶ. ನಮ್ಮ ಮಾಲಿದ್ದ ಲಾರಿ ಹಳೆಯ ಬಿಎಸ್-4. ಗಡಿಯಾಚೆ ನಿಂತಿತು. ಸಿಎನ್‌ಜಿ ಟೆಂಪೋ ಹುಡುಕಿ, ಅಲ್ಲೇ ಮಾಲು ಬದಲಿಸಿ, ಸ್ಟಾಲಿಗೆ ತಂದಾಗ 20ನೇ ತಾರೀಕು. ಆರು ದಿನ ನನ್ನ ತಮ್ಮ ಎರಡೇ ಬಾಕ್ಸ್ ಇಟ್ಟುಕೊಂಡು ಸ್ಟಾಲಿನಲ್ಲಿ ಕೂತಿದ್ದ. ಆ ಸಂಕಟ ಇನ್ನೂ ಮರೆತಿಲ್ಲ.

ಆದರೂ ಆಮೇಲಿನ ಸಲ ಮತ್ತೆ ಲಾರಿಯೇ. ಯಾಕೆಂದರೆ ತಪ್ಪಿದ್ದು ಲಾರಿಯಲ್ಲಿ ಅಲ್ಲ, ತಾರೀಕಿನಲ್ಲಿ. ಅಕ್ಟೋಬರ್ 20ಕ್ಕೇ ದೊಡ್ಡ ಸ್ಟಾಕ್ ಕಳಿಸಿ, ದೆಹಲಿಯಲ್ಲಿರುವ ನಮ್ಮೂರಿನವರೊಬ್ಬರ ಮನೆಯಲ್ಲಿ ಇಳಿಸಿಕೊಂಡೆವು. ಮೊದಲ ಎರಡು ದಿನಕ್ಕೆ ಬೇಕಾದ ಮಾಲು, ಸ್ಯಾಂಪಲ್ ಎಲ್ಲ ನಮ್ಮ ಜೊತೆ ರೈಲಿನಲ್ಲೇ. ಸ್ಲೀಪರಿನಲ್ಲಿ ತಲೆಗೆ 40 ಕೆಜಿ ಉಚಿತ ಇರುವುದು ಸ್ವಂತ ಸಾಮಾನಿಗೆ ಮಾತ್ರ, ಮಾರುವ ಮಾಲಿಗಲ್ಲ, ಮಾಲನ್ನು ಬುಕ್ ಮಾಡಿಯೇ ಒಯ್ಯಿರಿ.  ರ್ಯಾಕ್, ಟೇಬಲ್ ಇಲ್ಲಿಂದ ಹೊರಬೇಡಿ, ಅಲ್ಲೇ ಬಾಡಿಗೆಗೆ ಸಿಗುತ್ತವೆ.

ಜಿಎಸ್‌ಟಿ ನೋಂದಣಿ ಇಲ್ಲದವರು ಒಂದು ಗಮನಿಸಿ. ಮಾಲು 50,000ಕ್ಕಿಂತ ಕಡಿಮೆ ಇದ್ದರೆ ಇ-ವೇ ಬಿಲ್ ಬೇಡ ಅಂತ ಹಲವರು ಹೇಳುತ್ತಾರೆ. ಹೊರರಾಜ್ಯಕ್ಕೆ ಕರಕುಶಲ ವಸ್ತು ಒಯ್ಯುವಾಗ ಆ ಮಿತಿ ನಿಮಗಿಲ್ಲ, ಎಷ್ಟೇ ಬೆಲೆ ಇದ್ದರೂ ಬೇಕು.

ವಾಪಸ್ ಬರುವಾಗ ಅವಸರ ಇರೋದಿಲ್ಲ, ಉಳಿದದ್ದಕ್ಕೆ ಲಾರಿ ಸಾಕು. ಖಾಲಿ ಬಾಕ್ಸ್ ಎಸೆಯಬೇಡಿ. 27ರ ರಾತ್ರಿ ಎಲ್ಲರೂ ಒಟ್ಟಿಗೇ ಕಟ್ಟುತ್ತಾರೆ, ಟೆಂಪೋ ಸಿಗೋದು ಕಷ್ಟ. 25ಕ್ಕೇ ಮಾತಾಡಿ ಮುಂಗಡ ಕೊಟ್ಟಿಡಿ.