ಬೆಳೆ ಪರಿಹಾರ: ನನ್ನ ಖಾತೆಗೆ ಬಂತು, ನಮ್ಮ ಕಾಕಾಗ ಬರಲಿಲ್ಲ

ಕಲಬುರಗಿ ಕಡೆ 2025ರ ಮುಂಗಾರಿನ್ಯಾಗ ಬೆಳಿ ಕಳಕೊಂಡ ರೈತರಿಗೆ ಸರ್ಕಾರ ಕೊಟ್ಟ ಪರಿಹಾರ ಹೆಂಗದ ಅಂತ ಭಾಳ ಮಂದಿ ಕೇಳ್ತಾರ, ನನಗಾದದ್ದು ಬರೀತೀನಿ. 5ಕ್ಕ 3 ಸ್ಟಾರ್ ಕೊಡ್ತೀನಿ.

ಆಗಸ್ಟ್‌ನ್ಯಾಗ ಹೆಸರು ರಾಶಿಗೆ ಬಂದಿತ್ತು, ಮಳಿ ಹಿಡೀತು ನೋಡ್ರಿ ಬಿಡಲೇ ಇಲ್ಲ, ಗಿಡದಾಗ ಇದ್ದಂಗೇ ಕಾಯಿ ಒಳಗ ಕಾಳು ಮೊಳಕಿ ಒಡದ್ವು. ಆಮ್ಯಾಲ ತೊಗರಿ. ನಮ್ದು ಎರಿ ಭೂಮಿ, ನಿಂತ ನೀರು ಲಗೂ ಇಂಗೋದಿಲ್ಲ, ಬಾಡಿದ ಗಿಡ ಜಗ್ಗಿದ್ರ ಹಂಗೇ ಕೈಗೆ ಬರ್ತಿತ್ತು, ಬೇರಿನ ತೊಗಟಿ ಕರ್ರಗಾಗಿ ಬೆರಳಿಗೆ ಹತ್ತತಿತ್ತು. ಅದನ್ನ ನೋಡಿ ನಮ್ಮವ್ವ ಹೊಲದ ಕಡೆ ಹೋಗೋದೇ ಬಿಟ್ಟಳು.

ಕೇಂದ್ರದ ಎನ್‌ಡಿಆರ್‌ಎಫ್ (ವಿಪತ್ತು ಪರಿಹಾರಕ್ಕಿರೋ ರಾಷ್ಟ್ರೀಯ ನಿಧಿ) ಲೆಕ್ಕದಾಗ ಆವಾಗ ಖುಷ್ಕಿ, ಅಂದ್ರ ಮಳಿ ನಂಬಿದ ಹೊಲಕ್ಕ ಹೆಕ್ಟೇರಿಗೆ 8,500 ರೂಪಾಯಿ, ನೀರಾವರಿಗೆ 17,000 ಇತ್ತು, ಅದೂ 33% ಮ್ಯಾಲೆ ಹಾಳಾಗಿದ್ರ ಮತ್ತ 2 ಹೆಕ್ಟೇರ್ ತನಕ ಅಷ್ಟೇ. 2025ರಾಗ ರಾಜ್ಯ ಸರ್ಕಾರ ಅದರ ಮ್ಯಾಲೆ ಇನ್ನೊಂದು 8,500 ಕೂಡಿಸ್ತು, ಹಂಗಾಗಿ ಖುಷ್ಕಿಗೆ 17,000 ಆಯ್ತು. ಇದು ಖರೇನೂ ದೊಡ್ಡ ಮಾತು, ಯಾಕಂದ್ರ 2023ರ ಬರದಾಗ ಮೊದಲ ಕಂತು ಅಂತ ಬಂದದ್ದು 2,000 ರೂಪಾಯಿ ಒಳಗ, ಉಳಿದಿದ್ದು ಬರಬೇಕಾದ್ರ ರಾಜ್ಯ ಸುಪ್ರೀಂ ಕೋರ್ಟ್ ತನಕ ಹೋಗಬೇಕಾಯ್ತು. ನನ್ನ 4 ಎಕರೆಗೆ ಎರಡು ಕಂತು ಸೇರಿ ಸುಮಾರು 27,500 ಬಂತು, ನಡುವ ಯಾರಿಗೂ ಒಂದು ರೂಪಾಯಿ ಕೊಡಲಿಲ್ಲ. ಬೀಜ, ಗೊಬ್ಬರ, ಎಡಿ ಹೊಡೆದ ಕೂಲಿ ಅಷ್ಟು ಮುಚ್ಚಿತು, ಬೆಳಿ ಬಂದಿದ್ರ ಸಿಗೋ ರೊಕ್ಕಾ ಇದಲ್ಲ.

ಆದ್ರ ಮೊದಲ ಕಂತಿಗೆ ತಿಂಗಳಾನುಗಟ್ಟಲೆ ಒಂದು ಬ್ಯಾಂಕಿಗೆ ಪಾಸ್‌ಬುಕ್ ಹಿಡಕೊಂಡು ಅಲೆದೆ, ಅವರು ಬಂದಿಲ್ಲ ಬಂದಿಲ್ಲ ಅಂತ ಕಳಸ್ತಿದ್ರು. ಕಡೀಗೆ ನೋಡಿದ್ರ ಆಧಾರ್ ಲಿಂಕ್ ಇದ್ದದ್ದು ನಾನು ಮರ್ತೇಬಿಟ್ಟಿದ್ದ ಬ್ಯಾರೆ ಹಳೆ ಖಾತೆಗೆ, ರೊಕ್ಕ ಅಲ್ಲಿ ಬಂದು ಕೂತಿತ್ತು. ಅದಕ್ಕ ನಿಮ್ಮ ಎನ್‌ಪಿಸಿಐ ಮ್ಯಾಪಿಂಗ್ (ಸರ್ಕಾರದ ರೊಕ್ಕ ಬರೋ ಆಧಾರ್ ಲಿಂಕ್) ಯಾವ ಬ್ಯಾಂಕಿಗದ ಅಂತ ಮೊದಲೇ ಕೇಳ್ಕೊಳ್ರಿ, ಫ್ರೂಟ್ಸ್ ಐಡಿದಾಗ (ಸರ್ಕಾರದ ರೈತ ನೋಂದಣಿ ನಂಬರ್) ಎಲ್ಲಾ ಸರ್ವೆ ನಂಬರ್ ಸೇರ್ಯಾವೇನು ಅಂತ ರೈತ ಸಂಪರ್ಕ ಕೇಂದ್ರದಾಗ ತೋರಿಸ್ರಿ. ಬೆಳೆ ಸಮೀಕ್ಷಿ ಮಾಡವರು ಬಂದಾಗ ನೀವೂ ಹೊಲದಾಗ ನಿಂತು ಬಿತ್ತಿದ ಬೆಳೀನೇ ಬರದಾರೋ ಇಲ್ಲೋ ನೋಡ್ರಿ.

ಎರಡು ಸ್ಟಾರ್ ಕಡಿಮಿ ಕೊಟ್ಟಿದ್ದು ನಮ್ಮ ಕಾಕಾನ ಸಲುವಾಗಿ. ಅವ ಬ್ಯಾರೆಯವರ 6 ಎಕರೆ ಲಾವಣಿ, ಅಂದ್ರ ಗುತ್ತಿಗಿ, ಹಾಕ್ಕೊಂಡು ತೊಗರಿ ಬಿತ್ತಿದ್ದ, ಬೀಜ ಅವಂದು, ಎತ್ತು ಅವಂದು, ಸಾಲಾನೂ ಅವಂದೇ. ಪಹಣಿದಾಗ ಮಾತ್ರ ಮಾಲಕರ ಹೆಸರು, ಅವರು ಊರಾಗ ಇರೋದೇ ಇಲ್ಲ, ಪರಿಹಾರ ಅವರ ಖಾತೆಗೆ ಹೋಯ್ತು. ಅವರ ತಪ್ಪೂ ಅನ್ನಲಿಕ್ಕ ಆಗೋದಿಲ್ಲ, ನಿಯಮಾನೇ ಹಂಗದ. ಲಾವಣಿ ಮಾತು ಬಾಯಿ ಮಾತಿನ ಮ್ಯಾಲೆ ನಡೀತದ, ಕಾಗದ ಕೇಳಿದ್ರ ಮುಂದಿನ ವರ್ಷ ಹೊಲ ಯಾರು ಕೊಡ್ತಾರ? ಸಮೀಕ್ಷಿ ಟೈಮಿಗೆ ಹೊಲಕ್ಕ ಬಂದು ಫೋಟೋ ತೆಗೀತಾರಲ್ಲ, ಆವಾಗ ಬಿತ್ತಿದವ ಯಾರು ಅಂತ ಒಂದು ಸಾಲು ಬರಕೊಂಡ್ರ ಏನು ಕಷ್ಟ?

ಹಿಂಗಾರಿಗೆ ಕಡ್ಲಿ ಬಿತ್ತಲಿಕ್ಕ ನನ್ನ ರೊಕ್ಕದಾಗ 8,000 ಕಾಕಾಗ ಕೊಟ್ಟೆ. ರಾಶಿ ಆದ ಮ್ಯಾಲೆ ವಾಪಸ್ ಕೊಡ್ತೀನಿ ಅಂದಾನ.